ಹಿತ್ತಾಳೆ ಕೀಲಿ ಕೊನೆಯ ಮೊಳೆಗೆ

ವೃದ್ಧರ ಆರೈಕೆ ಮನೆಯಲ್ಲಿ ಬಟ್ಟೆ ಕಪಾಟಿನ ಕೀಲಿ ಬೀಗದೊಳಗೇ ಮುರಿದುಹೋದ ದಿನ ನಿಧಾನಕ್ಕ ಬೀಗದ ಮೇಷ್ಟ್ರನ್ನು ಮೊದಲ ಸಲ ನೋಡಿದಳು. ಒಗೆದು, ಇಸ್ತ್ರಿಯಾಗಿ, ಮಡಿಸಿಟ್ಟ ನಲವತ್ತು ಬೆಡ್‌ಶೀಟು ಕಪಾಟಿನ ಒಳಗೆ. ಹೊರಗೆ ಹನ್ನೊಂದು ಹಾಸಿಗೆ ಬರಿಮೈಯಲ್ಲಿ ಬಿದ್ದಿದ್ದವು. ದೊಡ್ಡ ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಿಧಾನಕ್ಕ, ಇವತ್ತೊಂದಿನ ನಿಮ್ಮ ಹೆಸರು ಮರೆತು ಓಡಿ. ಹಿಂದಿನ ಬೀದೀಲಿ ಬೀಗ ರಿಪೇರಿಯವರಿದ್ದಾರಂತೆ, ಕರ್ಕೊಂಡ್ ಬನ್ನಿ" ಎಂದರು.

ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಗಂಡ ತೀರಿಕೊಂಡ ಮೇಲೆ ಆಯಾ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಬೇರೆಯವರು ಮೂರು ಬೆಡ್‌ಶೀಟು ಮಡಿಸುವಷ್ಟರಲ್ಲಿ ಅವಳದ್ದು ಒಂದು. ಆದರೆ ಅವಳು ಮಡಿಸಿದ್ದನ್ನು ಇನ್ನೊಬ್ಬರು ಬಿಚ್ಚಿ ಮಡಿಸಿದ್ದಿಲ್ಲ. ಅಕ್ಷರ ಅಷ್ಟಕ್ಕಷ್ಟೆ. ತನ್ನ ಹೆಸರು ಬರೆಯುತ್ತಿದ್ದಳು, ಔಷಧಿ ಬಾಟಲಿಯ ಮೇಲಿನ ದಪ್ಪ ಅಕ್ಷರಗಳನ್ನು ತುಟಿ ಅಲ್ಲಾಡಿಸುತ್ತ ಕೂಡಿಸುತ್ತಿದ್ದಳು. ಒಮ್ಮೆ ಕೇಳಿದ ಮಾತನ್ನು ಮಾತ್ರ ಒಂದು ಉಸಿರೂ ಹೆಚ್ಚುಕಡಿಮೆ ಇಲ್ಲದೆ ಹಾಗೇ ಹೇಳುತ್ತಿದ್ದಳು.

ಅಂಗಡಿ ಎಂದರೆ ಒಂದು ಬಾಗಿಲಷ್ಟು ಅಗಲ, ಮೂರು ಹಾಸಿಗೆಯಷ್ಟು ಉದ್ದ. ಮೇಲೊಂದು ಬೋರ್ಡು. 'ಬೀಗ ರಿಪೇರಿ ಮಾಡಲಾಗುವುದು' ಎಂದು ಒಂದು ಸಾಲು, ಅದರ ಕೆಳಗೆ 'ಡಚ್ ಭಾಷೆ ಕಲಿಸಲಾಗುವುದು' ಎಂದು ಇನ್ನೊಂದು. ಎರಡನೆಯದು ಅವಳಿಗೆ ಕೂಡಿಬರಲಿಲ್ಲ. ಒಳಗೆ ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ, ಕಣ್ಣಿಗೆ ದಪ್ಪ ಕನ್ನಡಕ, ಎಡಗೈಯ ಉಂಗುರದ ಬೆರಳು ಅರ್ಧ. ಗೋಡೆಗೆ ಹೊಡೆದ ಹಲಗೆಯ ಮುಂದೆ ನಿಂತು, ಮೊಳೆಗಳಿಗೆ ತಗಡಿನ ಬಿಲ್ಲೆಗಳನ್ನು ತಗುಲಿಸುತ್ತಿದ್ದರು. ಸ್ಟೂಲುಗಳ ಮೇಲೆ ಕೂತಿದ್ದ ಮೂರು ಜನ ಏನನ್ನೋ ಒಟ್ಟಿಗೆ ಹೇಳುತ್ತಿದ್ದರು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರ ಹಾಗೆ ಅವಳಿಗೆ ಕೇಳಿಸಿತು.

ಆ ಮನುಷ್ಯ ತಿರುಗಿದರು. ಏನು ಬೇಕು ಎನ್ನಲಿಲ್ಲ, ಯಾರು ನೀವು ಎನ್ನಲಿಲ್ಲ.

"ಬಂದವರಿಗೆ ಏನು ತೊಂದರೆ ಆಗಿದೆಯೋ ತಿಳೀಲಿಲ್ಲ" ಎಂದರು.

ನಿಧಾನಕ್ಕ ಹಿಂದೆ ಮುಂದೆ ನೋಡಿದಳು. ತನ್ನನ್ನೇ ಕೇಳುತ್ತಿದ್ದಾರೆ ಎಂದು ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. "ಕೀಲಿ ಬೀಗದಲ್ಲೇ ಮುರ್ಕೊಂಡಿದೆ" ಎಂದಳು.

"ಬೀಗ ಎಲ್ಲಿದೆಯೋ?"

"ಕಪಾಟಲ್ಲಿ."

"ಕಪಾಟು ಎಲ್ಲಿದೆಯೋ?"

ಸ್ಟೂಲಿನ ಮೇಲಿದ್ದ ಲಾರಿ ಡ್ರೈವರ್ ನಕ್ಕ. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಮ್ಮ ಮೇಷ್ಟ್ರು ಮನೆಗೆ ಬೆಂಕಿ ಬಿದ್ರೂ 'ಹೊಗೆ ಎಲ್ಲಿಂದ ಬರ್ತಿದೆಯೋ ತಿಳೀಲಿಲ್ಲ' ಅಂತಾನೇ ಕೇಳೋದು."

ಮೇಷ್ಟ್ರು ಬಂದರು, ಮುರಿದ ತುಂಡನ್ನು ಎರಡು ಸಣ್ಣ ಗರಗಸದ ಅಲಗುಗಳ ನಡುವೆ ಹಿಡಿದು ಹಲ್ಲಿಗೆ ಸಿಕ್ಕ ನಾರನ್ನು ತೆಗೆದಂತೆ ತೆಗೆದರು. ಹಾಸಿಗೆಗಳಿಗೆ ಮೈಮುಚ್ಚಿತು. ಅಲ್ಲಿಗೆ ಮುಗಿಯಬೇಕಿದ್ದ ಕಥೆ ಅದು. ಮುಗಿಯದಿದ್ದದ್ದು ಕಿಟಕಿಯಜ್ಜಿಯಿಂದ.

ಕಿಟಕಿಯಜ್ಜಿ ಆ ಮನೆಯ ಏಳನೇ ಹಾಸಿಗೆ, ಕಿಟಕಿಯ ಪಕ್ಕದ್ದು. ಬಂದರಿನಲ್ಲಿ ಕೆಲಸಕ್ಕಿದ್ದ ಗಂಡನ ಜೊತೆ ಹರೆಯದಲ್ಲೇ ಈ ಊರಿಗೆ ಬಂದ ಡಚ್ ಹೆಂಗಸು. ಐವತ್ತು ವರ್ಷ ಇಲ್ಲಿನ ಮಾತಿನಲ್ಲೇ ತರಕಾರಿ ಚೌಕಾಸಿ ಮಾಡಿದವಳು, ಲಕ್ವ ಹೊಡೆದು ಎದ್ದಾಗ ಆ ಮಾತನ್ನೆಲ್ಲ ಕಳೆದುಕೊಂಡಿದ್ದಳು. ತಾಯಿ ಕಲಿಸಿದ ಮಾತೊಂದೇ ಉಳಿದಿತ್ತು. ಸಿಸ್ಟರುಗಳು ಕೈಸನ್ನೆ ಮಾಡಿ "ನೋವಾ? ಎಲ್ಲಿ? ಇಲ್ಲಿಯಾ? ಅಲ್ಲಿಯಾ?" ಎಂದು ಮುಟ್ಟಿ ಮುಟ್ಟಿ ಕೇಳಿದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಊಟ ದಿನದಿನಕ್ಕೆ ಇಳಿಯುತ್ತಿತ್ತು. ಎಲ್ಲೋ ನೋವಿದೆ, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ.

ಅಂಗಡಿಯ ಆ ಗಂಟಲಿನ ಸದ್ದನ್ನು ಈ ಅಜ್ಜಿಯ ಬಾಯಲ್ಲೇ ಕೇಳಿದ್ದೆ ಎಂದು ನಿಧಾನಕ್ಕನಿಗೆ ಬೆಡ್‌ಶೀಟು ಹಾಸುವಾಗ ನೆನಪಾಯಿತು. ಮರುದಿನ ಮಧ್ಯಾಹ್ನ ಊಟದ ತಟ್ಟೆಗಳನ್ನು ತೊಳೆದಿಟ್ಟು ಅಂಗಡಿಗೆ ಹೋದಳು.

"ನನಗೂ ಆ ಮಾತು ಒಂದಿಷ್ಟು ಬೇಕು ಮೇಷ್ಟ್ರೇ. ಎಲ್ಲಾ ಬೇಡ. ನಮ್ಮಲ್ಲಿ ಆ ಮಾತಾಡೋ ಒಬ್ಬ ಅಜ್ಜಿ ಇದ್ದಾರೆ, ಅವರನ್ನ ಕೇಳೋದಕ್ಕೆ ಎಷ್ಟು ಬೇಕೋ ಅಷ್ಟು. ಓದೋಕೆ ಬರಲ್ಲ ನಂಗೆ, ಮೊದಲೇ ಹೇಳಿದೀನಿ."

"ಓದೋಕೆ ಬರೋರು ಪುಸ್ತಕ ನೋಡ್ತಾರೆ, ಹಲಗೆ ನೋಡಲ್ಲ. ನೀವು ನೋಡ್ತೀರಿ. ಕೂತ್ಕೊಳ್ಳೋಕೆ ಆಗುತ್ತೋ ಏನೋ" ಎಂದು ಸ್ಟೂಲು ಒರೆಸಿದರು.

ಮೇಷ್ಟ್ರು ಕಲಿಸುವ ಬಗೆಯೇ ಬೇರೆ. ಹಲಗೆಯಲ್ಲಿ ಸಾಲಿಗೆ ಎಂಟು ಮೊಳೆ. ತಗಡಿನ ಬಿಲ್ಲೆಗಳ ಮೇಲೆ ಒಂದೊಂದು ಮಾತು, ಜೋಡಿಯಾಗೇ ಬರುವ ಮಾತಾದರೆ ಎರಡಕ್ಕೂ ಒಂದೇ ಬಿಲ್ಲೆ. ಕೆಲಸದ ಮಾತಿಗೆ, ಅಂದರೆ ಇರುವುದು, ಹೋಗುವುದು, ಮಾಡುವುದು ಇಂಥವಕ್ಕೆ, ಬಿಲ್ಲೆಯಲ್ಲ, ಒಂದು ಹಳೆಯ ಹಿತ್ತಾಳೆ ಕೀಲಿ. ಅಂಗೈಯಷ್ಟು ಉದ್ದ, ಹಿಡಿ ಸವೆದು ಹೊಳೆಯುತ್ತಿತ್ತು.

"ಒತ್ತಡ ಎಲ್ಲಿ ಜಾಸ್ತಿ ಇದೆ, ಅಂತ ಮುಖಕ್ಕೆ ಹೊಡೆದ ಹಾಗೆ ಕೇಳೋದಾದ್ರೆ, ಕೀಲಿ ಎರಡನೇ ಮೊಳೆಗೆ" ಎಂದು ತಗುಲಿಸಿದರು. "ವಾರ್ ಇಸ್ ದ ದ್ರುಕ್ ತೆ ಹೋಖ್. ಈ ಇಸ್ ಇದೆಯಲ್ಲ, ಅದೇ ಕೀಲಿ. ಈಗ ಇದನ್ನೇ ಮರ್ಯಾದೆಯಿಂದ ಕೇಳೋಣ. ಮಖ್ ಇಕ್ ವೇತನ್. ನಾನು ತಿಳಿಯಬಹುದೇ. ಇಷ್ಟು ಮುಂದೆ ಸೇರಿಸಿದ ಕೂಡಲೇ ಕೀಲಿಗೆ ನಾಚಿಕೆ ಆಗುತ್ತೆ. ಎದ್ದು ಹಿಂದಕ್ಕೆ ಹೋಗುತ್ತೆ." ಕೀಲಿಯನ್ನು ಎತ್ತಿ ಎಲ್ಲಕ್ಕಿಂತ ಕೊನೆಗೆ ತೂಗಿಸಿದರು. "ಮಖ್ ಇಕ್ ವೇತನ್ ವಾರ್ ದ ದ್ರುಕ್ ತೆ ಹೋಖ್ ಇಸ್."

ಕೀಲಿ ಹಲಗೆಗೆ ತಾಗಿ ಟಣ್ ಎಂದಿತು.

"ಇದರಲ್ಲೇನಿದೆ" ಎಂದಳು ನಿಧಾನಕ್ಕ. "ನಾವೂ ಹಾಗೇ ಅಲ್ವಾ? ಒತ್ತಡ ಎಲ್ಲಿ ಜಾಸ್ತಿ ಇದೆ. ಇದೆ ಅನ್ನೋದು ಕೊನೇಲೇ ಬಂತು."

ಲಾರಿ ಡ್ರೈವರ್ ತಲೆಯ ಮೇಲೆ ಕೈಹೊತ್ತ. "ಎಂಟು ತಿಂಗಳಿಂದ ನಾನು ಇಲ್ಲಿ ಮೊಳೆ ಎಣಿಸ್ತಿದೀನಿ, ಈ ಅಕ್ಕ ಬಂದು ಕೂತ್ಕೊಂಡು ಕಾಫಿ ಆರೋದ್ರೊಳಗೆ ಬಿಡಿಸಿಬಿಟ್ರಲ್ಲ!"

ಮೇಷ್ಟ್ರು ಮಾತ್ರ ನಗಲಿಲ್ಲ. ಅವಳನ್ನೇ ನೋಡುತ್ತ ಕನ್ನಡಕ ತೆಗೆದು ಒರೆಸಿಕೊಂಡರು.

ಹೀಗೆ ಅವಳು ದಿನಾ ಮಧ್ಯಾಹ್ನ ಹೋಗತೊಡಗಿದಳು. ಮೇಷ್ಟ್ರು ಕೀಲಿಯ ಹಲ್ಲನ್ನು ಅರದಿಂದ ಉಜ್ಜುತ್ತಲೇ ತಮ್ಮ ಕಥೆ ಹೇಳುತ್ತಿದ್ದರು. ಒಂದು ಹಲ್ಲಿಗೆ ಅರ ಉಜ್ಜುವಷ್ಟು ಹೊತ್ತು, ಒಂದು ತುಂಡು ಕಥೆ. ಹತ್ತೊಂಬತ್ತನೇ ವಯಸ್ಸಿಗೆ ಹಡಗಿನ ಇಂಜಿನ್ ರೂಮಿನಲ್ಲಿ ಎಣ್ಣೆ ಹಾಕುವ ಕೆಲಸಕ್ಕೆ ಸೇರಿದ್ದರು. ಹದಿನಾರು ವರ್ಷ ಅದೇ ಕೆಲಸ. ಅವರ ಮೇಲಿನ ಮುಖ್ಯ ಇಂಜಿನಿಯರು ಡಚ್ಚಿನವನು, ಬೈಗುಳವೇ ಗಾಳಿಯಾಗಿದ್ದ ಜಾಗದಲ್ಲಿ ಒಂದೇ ಒಂದು ಸಲವೂ ಗದರದ ಮನುಷ್ಯ.

"ಬಾಯ್ಲರ್ ಈಗಲೋ ಆಗಲೋ ಅಂತಿದ್ದಾಗಲೂ 'ಸ್ಪ್ಯಾನರ್ ಎಲ್ಲಿದೆ ಅಂತ ತಿಳಿಯಬಹುದೇ' ಅಂತಿದ್ರು ಅಕ್ಕಾ. ನನ್ನಪ್ಪ ನನ್ನ ಹತ್ರ ಹಾಗೆ ಮಾತಾಡಿರಲಿಲ್ಲ. ಯಾರೂ ಆಡಿರಲಿಲ್ಲ. ಹೀಗೂ ಕೇಳಬಹುದಾ ಮನುಷ್ಯರನ್ನ ಅಂತ ಆ ಮಾತು ಕಲಿತೆ."

ಬೆರಳು ಹೋದ ಮೇಲೆ ದಡ ಸೇರಿ, ಮಾವನ ಬೀಗದ ಅಂಗಡಿಗೆ ಬಂದರು. ಡಚ್ ಜೊತೆಗೇ ಬಂತು. ಕನ್ನಡದಲ್ಲೂ ಅದೇ ಚಾಳಿ. ಹೆಂಡತಿ ಬದುಕಿದ್ದಷ್ಟು ದಿನ ಹಾಸ್ಯ ಮಾಡುತ್ತಿದ್ದಳಂತೆ: "ಇವರಿಗೆ ಒಂದು ಲೋಟ ನೀರು ಬೇಕಾದ್ರೆ ಮನೆ ಸುತ್ತ ಪ್ರದಕ್ಷಿಣೆ ಹಾಕ್ಕೊಂಡು ಬಂದು, 'ಕೊಡದಲ್ಲಿ ನೀರಿದೆಯೋ ಇಲ್ಲವೋ ತಿಳೀಲಿಲ್ಲ' ಅಂತಾರೆ. ಅಷ್ಟೊತ್ತಿಗೆ ನನಗೇ ಬಾಯಾರಿರುತ್ತೆ."

ಹಾಗೆ ಹೇಳುವಾಗ ಅರ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಶುರುವಾಗುತ್ತಿತ್ತು.

ಎರಡನೇ ವಾರ ನಿಧಾನಕ್ಕ ಅಂಗಡಿಯ ಕಪಾಟಿನ ಮೇಲೆ ಬಿಳಿ ಬಣ್ಣದ ಡಬ್ಬಿಯೊಂದನ್ನು ನೋಡಿದಳು, ಪಕ್ಕದಲ್ಲಿ ಹೊಸ ಬ್ರಷ್ಷು.

"ಗೋಡೆಗಾ?"

"ಬೋರ್ಡಿಗೆ. ಎರಡನೇ ಸಾಲು ಅಳಿಸೋಣ ಅಂತ."

ಯಾಕೆಂದು ಲಾರಿ ಡ್ರೈವರ್ ಹೇಳಿದ, ಮೇಷ್ಟ್ರು ಗಿರಾಕಿಯ ಬೀಗ ನೋಡಲು ಹೊರಗೆ ಹೋದಾಗ. ಹಿಂದೆ ಇಲ್ಲೇ ಕಲಿತ ಅಡುಗೆಯವನೊಬ್ಬ ಡಚ್ಚರ ದೇಶಕ್ಕೆ ಹೋಗಿ ರಜೆಗೆ ಬಂದಿದ್ದ. ಎಲ್ಲರ ಎದುರಿಗೆ ನಿಂತು, "ಮೇಷ್ಟ್ರೇ, ನೀವು ಕಲಿಸಿದ್ದನ್ನ ಬಾಯಿಬಿಟ್ರೆ ಅಲ್ಲಿ ಜನ ನಗ್ತಾರೆ" ಎಂದು ಹೇಳಿ ಹೋಗಿದ್ದ. ಇದ್ದ ಒಂಬತ್ತು ಜನ ಮೂರಕ್ಕೆ ಇಳಿದರು.

"ಅದಲ್ಲ ಅವರಿಗೆ ಬೇಜಾರು" ಎಂದ ಡ್ರೈವರ್ ಸ್ವರ ತಗ್ಗಿಸಿ. "ಹಡಗಿಂದ ಇಳಿದ ಮೇಲೆ ಒಬ್ಬ ಡಚ್ಚಿನವರ ಹತ್ರಾನೂ ಮಾತಾಡಿಲ್ಲವಂತೆ. ಮೂವತ್ತೈದು ವರ್ಷ. ಆ ಇಂಜಿನಿಯರ್ ಒಬ್ಬನ ಬಾಯಿಂದ ಕಲಿತದ್ದು. ತಪ್ಪು ಕಲಿತಿದ್ರೆ, ಇಷ್ಟು ವರ್ಷ ಇಷ್ಟು ಜನಕ್ಕೆ ತಪ್ಪನ್ನೇ ತುಂಬಿ ಕಳಿಸಿದೀನಲ್ಲ ಅಂತ ನಿದ್ದೆ ಇಲ್ಲ ಅವರಿಗೆ."

ನಿಧಾನಕ್ಕನಿಗೆ ಆಗ ಎರಡೂ ಒಂದು ದಾರಕ್ಕೆ ಸೇರಿದವು. ಮೇಷ್ಟ್ರು ಬಂದ ಕೂಡಲೇ ಹೇಳಿದಳು: "ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾರೆ ಅಂದಿದ್ನಲ್ಲ. ನೀವೇ ಬಂದು ಮಾತಾಡಿ. ಎರಡು ಬೀದಿ ದೂರ."

ಮೇಷ್ಟ್ರು ಅರವನ್ನು ಕೆಳಗಿಟ್ಟರು. "ಅವರು ಹುಟ್ಟಿನಿಂದ ಆ ಮಾತಾಡಿದವರು ಅಕ್ಕಾ. ನಾನು ಬಾಯಿ ತೆಗೆದ್ರೆ ಗ್ರೀಸ್ ವಾಸನೆ. ಬೇಡ. ಅವರೂ ನಕ್ಕುಬಿಟ್ರೆ ಈ ಹಲಗೇನ ನಾನೇ ಒಲೆಗೆ ಹಾಕಬೇಕಾಗುತ್ತೆ."

ಒತ್ತಾಯ ಮಾಡುವುದು ಅವಳ ಜಾಯಮಾನವಲ್ಲ. ಸುಮ್ಮನೆ ಎದ್ದು ಬಂದಳು.

ಆದರೆ ಅದೇ ದಿನ ಸಂಜೆ ಕಿಟಕಿಯಜ್ಜಿ ಗಂಜಿಯ ಚಮಚವನ್ನು ಕೈಯಿಂದ ತಳ್ಳಿದಳು. ದೊಡ್ಡ ಸಿಸ್ಟರ್ ಬಂದು ನೋಡಿ, ನಾಳೆಯೂ ಹೀಗೇ ಆದರೆ ಮೂಗಿಗೆ ಟ್ಯೂಬು ಹಾಕಬೇಕಾಗುತ್ತದೆ ಎಂದು ಹೇಳಿ ಹೋದರು. ನಿಧಾನಕ್ಕ ಬಟ್ಟಲನ್ನು ಕೆಳಗಿಟ್ಟಳು. ನೋವು ಎನ್ನುವುದಕ್ಕೆ ಆ ಭಾಷೆಯಲ್ಲಿ ಏನೆನ್ನುತ್ತಾರೋ ಅವಳಿಗೆ ಬರದು. ಮೇಷ್ಟ್ರು ಕಲಿಸಿದ್ದೆಲ್ಲ ಸ್ಪ್ಯಾನರ್ ಎಲ್ಲಿದೆ, ಎಣ್ಣೆ ಎಷ್ಟಿದೆ, ಒತ್ತಡ ಎಲ್ಲಿ ಜಾಸ್ತಿ ಇದೆ. ಒತ್ತಡ ಎಂದರೆ ಪ್ರೆಶರ್ ತಾನೆ? ಆ ಮನೆಯಲ್ಲಿ ಬೆಳಗಾದರೆ ಎಲ್ಲರದ್ದೂ ಪ್ರೆಶರಿನ ಮಾತೇ. ನಡೆದೀತು ಎಂದುಕೊಂಡು, ಮಂಚದ ಪಕ್ಕ ಕೂತು, ಮನಸ್ಸಿನಲ್ಲೇ ಒಂದೊಂದು ಮೊಳೆಗೆ ಒಂದೊಂದು ಬಿಲ್ಲೆ ತಗುಲಿಸುತ್ತ ಕೇಳಿದಳು.

"ಮಖ್ ಇಕ್ ವೇತನ್... ವಾರ್ ದ ದ್ರುಕ್... ತೆ ಹೋಖ್..."

ಕೊನೆಯ ಮೊಳೆಗೆ ಬಂದು, ಅಭ್ಯಾಸಬಲದಿಂದ ಮಂಚದ ಕಬ್ಬಿಣದ ಸರಳಿಗೆ ಬೆರಳಿನಿಂದ ಟಣ್ ಎಂದು ತಟ್ಟಿದಳು.

"ಇಸ್."

ಗೋಡೆಯ ಕಡೆಗಿದ್ದ ಮುಖ ತಿರುಗಿತು. ಕಿಟಕಿಯಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಕ್ಕಳು. ಎದೆ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಳಾಯಿತು, ಅಡುಗೆಯವನು ಹೇಳಿದ್ದೇ ನಿಜವಾಯಿತು ಎಂದುಕೊಂಡಳು ನಿಧಾನಕ್ಕ. ಆದರೆ ಅಜ್ಜಿ ನಗುತ್ತಲೇ ಸರಿಯಿದ್ದ ಕೈಯನ್ನು ಹೊದಿಕೆಯಿಂದ ಹೊರತೆಗೆದು ಕೆಳದವಡೆಯ ಮೂಲೆಯನ್ನು ಮುಟ್ಟಿ ತೋರಿಸಿದಳು. ಬಾಯಿ ತೆರೆದಳು. ಒಳಗೆ ಹಿಂದಿನ ಹಲ್ಲಿನ ಬುಡ ಕೆಂಪಗೆ ಊದಿತ್ತು. ಒಂದು ತಿಂಗಳಿಂದ ಎಲ್ಲರೂ ಅವಳ ಹೊಟ್ಟೆ ಒತ್ತಿ ನೋಡುತ್ತಿದ್ದರು.

ಹಲ್ಲಿನ ಡಾಕ್ಟರಿಗೆ ಹೇಳಿಕಳಿಸಿದ ಮೇಲೆ ಅಜ್ಜಿ ನಿಧಾನಕ್ಕನ ಮಣಿಕಟ್ಟು ಹಿಡಿದುಕೊಂಡು, ತಾನೂ ಸರಳಿಗೆ ಟಣ್ ಎಂದು ತಟ್ಟಿ, ಒಂದು ಮಾತು ಕೇಳಿದಳು. ನಿಧಾನಕ್ಕನಿಗೆ ಮೊದಲ ಮೂರು ಬಿಲ್ಲೆ ಮಾತ್ರ ಗುರುತು ಸಿಕ್ಕವು. ಉಳಿದದ್ದನ್ನು ಮೂರು ಸಲ ಹೇಳಿಸಿಕೊಂಡಳು. ಮರುದಿನ ಬೊಗಸೆಯಲ್ಲಿ ನೀರು ಹಿಡಿದವಳ ಹಾಗೆ, ಅದನ್ನೇ ತುಟಿಯಲ್ಲಿ ಗುನುಗುತ್ತ ಎರಡು ಬೀದಿ ನಡೆದಳು. ಎದುರಿಗೆ ಬಂದ ಹಾಲಿನವಳು "ಊಟ ಆಯ್ತಾ?" ಎಂದರೂ ಉತ್ತರ ಕೊಡಲಿಲ್ಲ. ಅವಳಿಗೆ ಈಗ ಜಂಬ ಬಂದಿದೆ ಎಂದು ಹಾಲಿನವಳು ಒಂದು ವಾರ ಹೇಳಿಕೊಂಡು ತಿರುಗಿದಳು.

ಅಂಗಡಿ ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು. "ಮಖ್ ಇಕ್ ವೇತನ್ ವೀ ಯೌ ದಾತ್ ಖೆಲೇರ್ತ್ ಹೇಫ್ತ್."

ಮೇಷ್ಟ್ರ ಕೈಯಿಂದ ಅರ ಜಾರಿತು. "ಇದು ನಾನು ಕಲಿಸಿದ್ದಲ್ಲ."

"ಅಜ್ಜಿ ಕೇಳಿದ್ದು. ನಿಮ್ಮ ಮಾತಲ್ಲಿ ನಾನು ಅವರನ್ನ ಕೇಳಿದೆ, ಅದಕ್ಕೆ ಅವರು ನನ್ನನ್ನ ಕೇಳಿದ್ದು. ಏನಂತ ಅದು?"

ಮೇಷ್ಟ್ರು ಹಲಗೆಯ ಹತ್ತಿರ ಹೋಗಿ ಬಿಲ್ಲೆಗಳನ್ನು ಒಂದೊಂದಾಗಿ ತಗುಲಿಸಿದರು. ಇಲ್ಲದ ಮಾತಿಗೆ ಖಾಲಿ ತಗಡು. ಕೊನೆಯಲ್ಲಿ ಹಿತ್ತಾಳೆ ಕೀಲಿಯನ್ನು ಎತ್ತಿ, ಅದು ಎಲ್ಲಿಗೆ ಸೇರಬೇಕೋ ಎಂದು ನೋಡಿದರು. ಎಲ್ಲ ಮೊಳೆಗಳೂ ತುಂಬಿ ಕೊನೆಯದೊಂದೇ ಖಾಲಿ ಇತ್ತು. ಅಲ್ಲಿ ತೂಗಿಸಿ, ಸ್ಟೂಲಿನ ಮೇಲೆ ಕೂತುಬಿಟ್ಟರು.

"'ನಿನಗೆ ಅದನ್ನ ಯಾರು ಕಲಿಸಿದರು ಅಂತ ತಿಳಿಯಬಹುದೇ' ಅಂತ" ಎಂದರು. ಹಲಗೆಯಿಂದ ಕಣ್ಣು ತೆಗೆಯದೆ, "ಅವರೂ ಹಾಗೇ ಕೇಳ್ತಾರಾ! ನಮ್ಮ ಇಂಜಿನಿಯರ್ ಕೇಳ್ತಿದ್ದ ಹಾಗೇ!" ಎಂದರು.

"ನಕ್ಕರು, ಅದನ್ನೂ ಹೇಳ್ತೀನಿ" ಎಂದಳು ನಿಧಾನಕ್ಕ. ಮುಚ್ಚಿಡುವುದು ಅವಳಿಗೆ ಗೊತ್ತಿರಲಿಲ್ಲ. "ನೋವು ಎಲ್ಲಿ ಅನ್ನೋಕೆ ನಾನು ಒತ್ತಡ ಎಲ್ಲಿ ಅಂದೆ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ತಪ್ಪು ನಂದೇ. ಆ ಮಾತು ನನಗೇ ಬರಲ್ಲ, ಯಾರಿಗೂ ಕಲಿಸಿಲ್ಲ. ಹದಿನಾರು ವರ್ಷದಲ್ಲಿ ಇಂಜಿನ್ ರೂಮಲ್ಲಿ ಅದನ್ನ ಯಾರೂ ಕೇಳಿರಲಿಲ್ಲ. ಬೆರಳು ಹೋದಾಗ್ಲೂ ಬೆರಳು ಎಲ್ಲಿ ಅಂತ ಹುಡುಕಿದ್ರೇ ಹೊರತು ನೋವು ಎಲ್ಲಿ ಅಂತ ಅಲ್ಲ."

"ನಕ್ಕರು, ಆದ್ರೆ ಬಾಯಿ ತೆರೆದು ತೋರಿಸಿದ್ರು" ಎಂದಳು ಅವಳು. "ಸಿಸ್ಟರ್‌ಗಳಿಗೆ ಗೋಡೆ ತೋರಿಸ್ತಿದ್ರು. ಈಗ ಅವರಿಗೆ ಏನು ಉತ್ತರ ಹೇಳಲಿ?"

"ಯಾರೋ ಒಬ್ಬ ಬೀಗದವನು ಅಂತ ಹೇಳಿ."

ಬನ್ನಿ ಎಂದರೆ ಬರುವವರಲ್ಲ ಎಂದು ಅವಳಿಗೆ ಗೊತ್ತಾಯಿತು. ಒಂದು ಕೀಲಿ ಒಂದು ಬೀಗಕ್ಕೆ ಹತ್ತದಿದ್ದರೆ ಬೀಗವನ್ನು ಬೈದು ಪ್ರಯೋಜನವಿಲ್ಲ, ಇನ್ನೊಂದು ಕೀಲಿ ನೋಡಬೇಕು ಎಂದು ಅವರೇ ಹೇಳುತ್ತಿದ್ದರಲ್ಲ. ಹತ್ತು ದಿನ ಬಿಟ್ಟು, ಹಲ್ಲು ಕೀಳಿಸಿಕೊಂಡ ಅಜ್ಜಿ ಗಂಜಿಯಿಂದ ಅನ್ನಕ್ಕೆ ಬಂದ ಮೇಲೆ, ನಿಧಾನಕ್ಕ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತು, ಎಲ್ಲೋ ನೋಡುತ್ತ ಹೇಳಿದಳು:

"ಅಜ್ಜಿಯ ಮಂಚದ ಕೆಳಗೆ ಒಂದು ಮರದ ಪೆಟ್ಟಿಗೆ ಇದೆ. ಅದರ ಕೀಲಿ ಕಳೆದು ಎಷ್ಟು ವರ್ಷ ಆಯ್ತೋ. ಒಡೆಯದೆ ತೆಗೆಯೋರು ಈ ಊರಲ್ಲಿ ಯಾರಾದ್ರೂ ಇದ್ದಾರೋ ಇಲ್ಲವೋ ತಿಳೀಲಿಲ್ಲ."

ಲಾರಿ ಡ್ರೈವರ್ ಬಾಯಿಗೆ ಕೈ ಅಡ್ಡ ಹಿಡಿದ. ಮೇಷ್ಟ್ರು ಅವಳನ್ನು ಕನ್ನಡಕದ ಮೇಲಿಂದ ನೋಡಿದರು.

"ನನ್ನ ಮಾತು ನನಗೇ ತಿರುಗಿಸ್ತೀರಾ ಅಕ್ಕಾ?"

"ಕಲಿಸಿದೋರು ಯಾರು?"

ಆಮೇಲಿನದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೆಟ್ಟಿಗೆ ತೆರೆಯಿತು. ಒಳಗೆ ಇದ್ದದ್ದು ಒಂದು ಕೈಚೀಲದಷ್ಟು ಕೋಟಿನ ಗುಂಡಿಗಳು, ಬೇರೇನೂ ಅಲ್ಲ. ಅಜ್ಜಿಗೆ ಅವೇ ಬೇಕಾಗಿದ್ದವು. ಅವಳ ತಂದೆ ಕಾಲುವೆಯ ದೋಣಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದನಂತೆ. ಅವನ ಕೋಟುಗಳು ಸವೆದುಹೋದ ಮೇಲೆ ಗುಂಡಿಗಳನ್ನು ಮಾತ್ರ ಎತ್ತಿಟ್ಟಿದ್ದಳು. ಒತ್ತಡ ಎಲ್ಲಿ ಜಾಸ್ತಿ ಇದೆ ಎಂದು ಅವನೂ ಮನೆಯಲ್ಲಿ ಮಕ್ಕಳ ಹೊಟ್ಟೆನೋವಿಗೆ ಕೇಳುತ್ತಿದ್ದನಂತೆ. ಆ ದಿನ ಅವಳು ನಕ್ಕದ್ದು ಅದಕ್ಕೆ. ಮೇಷ್ಟ್ರು ವಾರಕ್ಕೆ ಎರಡು ಸಲ ಬರತೊಡಗಿದರು. ಅಜ್ಜಿ ಅವರಿಗೆ ಹೊಸ ಮಾತುಗಳನ್ನು ಕಲಿಸಿದಳು: ನೋವು, ದಿಂಬು, ಚಳಿ, ನೆನಪು. ಹಲಗೆಗೆ ಹೊಸ ಬಿಲ್ಲೆಗಳು ಸೇರಿದವು. ಬಿಳಿ ಬಣ್ಣ ಡಬ್ಬಿಯಲ್ಲೇ ಕಲ್ಲಾಯಿತು, ಅಂಗಡಿಯ ಬಾಗಿಲು ಗಾಳಿಗೆ ಮುಚ್ಚದಂತೆ ಅದನ್ನು ಅಡ್ಡ ಇಡುತ್ತಿದ್ದರು. ನಾಲ್ಕು ವರ್ಷ ಹೀಗೆ ನಡೆಯಿತು. ಅಜ್ಜಿ ಹೋದಳು, ಅವಳ ಹಿಂದೆ ಒಂದು ವರ್ಷಕ್ಕೆ ಮೇಷ್ಟ್ರು. ಹಲಗೆ ಈಗ ಲಾರಿ ಡ್ರೈವರನ ಮನೆಯಲ್ಲಿದೆ. ಹಿತ್ತಾಳೆ ಕೀಲಿ ನಿಧಾನಕ್ಕನ ಬಟ್ಟೆ ಕಪಾಟಿನಲ್ಲಿದೆ. ಅದು ಯಾವ ಬೀಗಕ್ಕೂ ಹತ್ತುವುದಿಲ್ಲ.

ಆ ಐದು ವರ್ಷಗಳಲ್ಲಿ ಮೇಷ್ಟ್ರು ನಿಧಾನಕ್ಕನನ್ನು ಏನನ್ನೂ ಸುತ್ತಿಬಳಸಿ ಕೇಳಲಿಲ್ಲ. "ಅಕ್ಕಾ, ನೀರು ಕೊಡಿ" ಎಂದು ನೇರವಾಗಿ ಹೇಳುತ್ತಿದ್ದರು, ಅಷ್ಟು ಹತ್ತಿರದವರಾಗಿದ್ದರು. ಅವಳನ್ನು ಅವರು ಹಳೆಯ ರೀತಿಯಲ್ಲಿ ಕೇಳಿದ್ದು ಅದೇ ಕೊನೆ, ಪೆಟ್ಟಿಗೆ ತೆರೆಯಲು ಬಂದ ಆ ಮೊದಲ ದಿನ.

ಅವತ್ತು ಗಡ್ಡ ಹೊಸದಾಗಿ ಬೋಳಿಸಿದ್ದರು, ಗಲ್ಲದ ಮೇಲೆ ಒಂದು ಗಾಯಕ್ಕೆ ಕಾಗದದ ಚೂರು ಅಂಟಿತ್ತು. ಅಂಗಿಯ ಗುಂಡಿಗಳನ್ನು ಕುತ್ತಿಗೆವರೆಗೂ ಹಾಕಿದ್ದರು. ಉಗುರಿನ ಸಂದಿಯ ಗ್ರೀಸನ್ನು ತಿಕ್ಕಿ ತಿಕ್ಕಿ ಬೆರಳ ತುದಿಗಳು ಕೆಂಪಾಗಿದ್ದವು. ಸಾಮಾನಿನ ಚೀಲವನ್ನು ಎರಡೂ ಕೈಗಳಲ್ಲಿ ಎದೆಗೆ ಒತ್ತಿ ಹಿಡಿದು, ಏಳನೇ ಹಾಸಿಗೆಯ ಕೋಣೆಯ ಹೊಸ್ತಿಲ ಈಚೆ ನಿಂತರು. ಒಳಗೆ ಕಿಟಕಿಯಜ್ಜಿ ದಿಂಬಿಗೆ ಒರಗಿ ಕೂತು, ತಲೆ ಬಾಚಿಸಿಕೊಂಡು, ಅವರನ್ನೇ ನೋಡುತ್ತಿದ್ದಳು. ನಾಲ್ಕು ಹೆಜ್ಜೆ ದೂರ. ಅವರು ಅವಳತ್ತ ನೋಡಲಿಲ್ಲ. ನಿಧಾನಕ್ಕನ ಕಡೆ ಬಾಗಿ, ಅಜ್ಜಿಗೆ ಕೇಳಿಸೀತೆಂದು ಸ್ವರ ಇಳಿಸಿ ಕೇಳಿದರು:

"ಅಕ್ಕಾ, ನಾನು ಒಳಗೆ ಬರಬಹುದೋ ಇಲ್ಲವೋ ಅಂತ ಅವರನ್ನ ಒಂದು ಮಾತು ಕೇಳ್ತೀರಾ?"